ಅಜ್ಜಂಪುರದ ಓದುವ ಕೋಣೆಯ ಷಣ್ಮುಖಪ್ಪ

ಷಣ್ಮುಖಪ್ಪನ ಅಜ್ಜ ಮುದ್ದಪ್ಪ. ಪ್ಲೇಗು ಬಂದು ಅಜ್ಜಂಪುರದವರೆಲ್ಲ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗ ಈ ಮನುಷ್ಯ ಊರಲ್ಲೇ ಉಳಿದ. ದಿಕ್ಕಿಲ್ಲದೆ ಸತ್ತವರನ್ನು ಹೆಗಲ ಮೇಲೆ ಹೊತ್ತು ಮಣ್ಣು ಮಾಡಿದ. ಅವರಲ್ಲಿ ಯಾರು ಯಾವ ಜಾತಿಯವರೆಂದು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಮುದ್ದಪ್ಪನ ಮಗ ತೀರ್ಥಪ್ಪನಿಗೆ ಅಕ್ಷರ ಬಾರದು. ಆದರೂ ಶ್ರಾವಣ ಬಂತೆಂದರೆ ಮಠದ ಪಡಸಾಲೆಯಲ್ಲಿ ಪುರಾಣ ಓದಿಸುವವನು ಅವನೇ. ದೀಪದ ಎಣ್ಣೆ ಅವನ ಅಂಗಡಿಯದು, ಕೇಳಲು ಕೂತವರಿಗೆ ಕೊಡುವ ಪಾನಕದ ಬೆಲ್ಲವೂ ಅವನ ಅಂಗಡಿಯದು. ಇಂಥ ಮನೆಯಲ್ಲಿ ಹುಟ್ಟಿದವನ ವಿಚಾರ ನಾಲ್ಕು ಮಾತು ಬರೆದಿಡುವುದು ನನಗೆ ಹೆಮ್ಮೆಯ ಕೆಲಸ.

ಷಣ್ಮುಖಪ್ಪನಿಗೆ ಅಪ್ಪನ ದಿನಸಿ ಅಂಗಡಿ ಬಂತು, ಸ್ಟೇಷನ್ನಿನ ಕಡೆ ಒಂದು ತೆಂಗಿನ ತೋಟ ಬಂತು. ಮಗ ಅಂಗಡಿಗೆ ಕೂರುವಂತಾದ ಮೇಲೆ ಪಂಚಾಯಿತಿಯವರು ಓದುವ ಕೋಣೆಯ ಬೀಗದ ಕೈ ಇವನಿಗೆ ಒಪ್ಪಿಸಿದರು. ಸಂಬಳವಿಲ್ಲ. ಚಾವಡಿಯ ಮಗ್ಗುಲಲ್ಲಿ ಸಣ್ಣ ಕೋಣೆ, ಒಂದು ಬೀರು, ಒಂದು ಬೆಂಚು. ಬೆಳಿಗ್ಗೆ ಕಸ ಗುಡಿಸಿ, ಪುಸ್ತಕಗಳ ಸಂದಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಪತ್ರಿಕೆ ಹರಡಿಕೊಂಡು ಕೂರುತ್ತಿದ್ದ. ಹಳ್ಳಿಯವರು ಅಲ್ಲಿಗೆ ಬಂದು ಬೆಂಚಿನ ಮೇಲೆ ಕೂತು ಓದಿದರೆ ಹೊಲದ ಕೆಲಸ ಯಾರು ಮಾಡಬೇಕು? ಅದಕ್ಕೆ ಅವನೇ ಒಂದು ರೂಢಿ ಮಾಡಿದ. ಸಂತೆಗೆ ಬಂದವರು ಪುಸ್ತಕ ಒಯ್ಯಬಹುದು. ಮನೆಯಲ್ಲಿ ಓದು ಬಲ್ಲವರಿಂದ ಓದಿಸಿ ಕೇಳಿದ ಮೇಲೆ ಕೋಣೆಗೇ ತರಬೇಕೆಂದಿಲ್ಲ. ನೆಂಟರಿಗೋ ನೆರೆಯವರಿಗೋ ದಾಟಿಸಬಹುದು. ಸುತ್ತಿಕೊಂಡು ಯಾವತ್ತೋ ಬರುತ್ತದೆ. ಕೆಲವು ಅರಿಶಿನ ಮೆತ್ತಿಕೊಂಡು ಬಂದವು, ಕೆಲವು ರಟ್ಟು ಕಳೆದುಕೊಂಡು ಬಂದವು. ಬಂದವಂತೂ ಹೌದು.

ಪುಸ್ತಕ ತೆಗೆದುಹಾಕು ಎಂದು ಬರುವವರೂ ಇದ್ದರು. ಸ್ವಾಮಿಗಳನ್ನು ಗೇಲಿ ಮಾಡಿದೆ ಎಂದು ಮಠದ ಕಡೆಯವರು ಒಂದನ್ನು ತೆಗೆಸಿದರು. ಗಾಂಧಿ ಟೋಪಿಯ ಚಿತ್ರವಿದೆ ಎಂದು ತರೀಕೆರೆಯಿಂದ ಬಂದ ಸರ್ಕಾರಿ ನೌಕರನೊಬ್ಬ ಇನ್ನೊಂದನ್ನು ಒಯ್ದ. ಎರಡು ಸಲವೂ ಷಣ್ಮುಖಪ್ಪ ಎದುರಾಡದೆ ಕೊಟ್ಟ. ಬೀರುವಿನಲ್ಲಿ ಬರಿದಾದ ಜಾಗ ಕಾಣದಿರಲೆಂದು ಅಕ್ಕಪಕ್ಕದ ಪುಸ್ತಕಗಳನ್ನು ಸರಿಸಿ ಕೂರಿಸಿದ.

ಮೂರನೆಯದು ಒಂದು ತೆಳು ಕಥೆ ಪುಸ್ತಕ. ಒಂದೂರಿನ ಹೆಂಗಸರು ಕೂಡಿ ಹೆಂಡದಂಗಡಿಯ ಮುಂದೆ ಕೂತುಬಿಡುವ ಕಥೆ. ನಮ್ಮ ಪಂಚಾಯಿತಿ ಅಧ್ಯಕ್ಷ ರಂಗಪ್ಪನೇ ಸುತ್ತಿನ ಹೆಂಡದ ಗುತ್ತಿಗೆದಾರ. ಆ ವರ್ಷ ಕಾಂಗ್ರೆಸ್ಸಿನವರು ಕುಡಿತ ಬಿಡಿ ಎಂದು ಊರೂರಲ್ಲಿ ಭಾಷಣ ಮಾಡುತ್ತಿದ್ದರು. ರಂಗಪ್ಪನಿಗೆ ಮೊದಲೇ ಮೈ ಉರಿದಿತ್ತು. ಅವನು ಕೋಣೆಗೆ ಬಂದು ಬೆಂಚಿನ ಮೇಲೆ ಕೂತ.

"ನಿನ್ ಮ್ಯಾಲೆ ನಂಗೇನೂ ಇಲ್ಲ ಕಣಪ್ಪ. ಹೆಂಡ ಸರ್ಕಾರದ ಆದಾಯ. ಅದುನ್ನ ಬೈದ್ರೆ ಸರ್ಕಾರನ ಬೈದಂಗೆ. ಆ ಪುಸ್ತಕ ತಂದು ನನ್ ಕೈಗೆ ಹಾಕು. ಇಲ್ಲಾಂದ್ರೆ ಕೋಣೆಗೆ ಬೀಗ ಬೀಳ್ತೈತೆ."

ಪುಸ್ತಕ ಕೋಣೆಯಲ್ಲಿಲ್ಲ, ಹಳ್ಳಿಗಳ ಮೇಲೆ ಹೋಗಿದೆ ಎಂದು ಷಣ್ಮುಖಪ್ಪ ಹೇಳಿದ.

"ಅದೇನು ಬಿಟ್ಟ ಬಸವನಾ, ಊರೂರು ಮೇಯಕ್ಕೆ? ಹೋಗಿ ಹಿಡ್ಕೊಂಡ್ ಬಾ."

ಷಣ್ಮುಖಪ್ಪ ತರಬೇಕೆಂದೇ ಹೊರಟ. ಒಂದು ತೆಳು ಪುಸ್ತಕಕ್ಕಾಗಿ ತುಂಬಿದ ಬೀರುವನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಹಿರೇನಲ್ಲೂರಿನವರೆಗೆ ಯಾರದೋ ಗಾಡಿ ಸಿಕ್ಕಿತು. ಅಲ್ಲಿ ಪುಸ್ತಕ ಒಯ್ದಿದ್ದ ರೈತ, ಅದನ್ನು ಅಂತರಘಟ್ಟೆಯ ತನ್ನ ಅಕ್ಕ ಹುಚ್ಚಮ್ಮನಿಗೆ ಕೊಟ್ಟೆನೆಂದ. ಅಂತರಘಟ್ಟೆಯ ಕಡೆಗೆ ಗಾಡಿಯಿರಲಿಲ್ಲ. ಮಂಡಿ ನೋವಿನ ಮನುಷ್ಯ, ನೆತ್ತಿ ಸುಡುವ ಬಿಸಿಲು, ಬೋಳು ಹೊಲಗಳ ನಡುವೆ ನಡೆದ. ಆ ಹಾಳು ಪುಸ್ತಕವನ್ನು ಯಾವುದಾದರೂ ಎಮ್ಮೆ ತಿಂದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತೆಂದು ಅವನೇ ನನ್ನ ಮುಂದೆ ಹೇಳಿದ್ದುಂಟು.

ಹುಚ್ಚಮ್ಮನ ಜಗಲಿಯ ಮೇಲೆ ಕೇರಿಯ ಹೆಂಗಸರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಹುಚ್ಚಮ್ಮನ ಸೊಸೆ ಸಾಲಿನ ಮೇಲೆ ಬೆರಳಿಟ್ಟು ತಡೆದು ತಡೆದು ಓದುತ್ತಿದ್ದಳು. ಓದುತ್ತಿದ್ದದ್ದು ಅದೇ ಪುಸ್ತಕ. ಎರಡೆತ್ತು ಮಾರಿ ಕುಡಿದಿದ್ದ ಹುಚ್ಚಮ್ಮನ ಗಂಡ ಆ ಹಗಲಿನಲ್ಲೂ ಒಳಗೆ ಮಲಗಿದ್ದ. ಷಣ್ಮುಖಪ್ಪ ಬಂದ ಕಾರಣ ಹೇಳಿದ. ಯಾರೂ ಜಗಳವಾಡಲಿಲ್ಲ. ಸೊಸೆ ಪುಸ್ತಕ ಮುಚ್ಚಿ, ಸೆರಗಿನಿಂದ ಒರೆಸಿ, ಅವನ ಕಡೆ ಚಾಚಿದಳು.

ಹುಚ್ಚಮ್ಮ ಹುಣಸೆಹಣ್ಣಿನಿಂದ ತಲೆ ಎತ್ತಲಿಲ್ಲ. "ತಗಂಡೋಗಣ್ಣ, ನಿನ್ ಕೋಣೇದು. ಆ ಹೆಂಗಸ್ರು ಅಂಗಡಿ ಮುಚ್ಚುಸ್ತಾರೋ, ಏಟು ತಿಂದು ಮನೆಗ್ ಹೋಯ್ತಾರೋ, ಅಷ್ಟು ಹೇಳ್ಬಿಟ್ ಹೋಗು."

ಕಥೆಯ ಕೊನೆ ಅವನಿಗೆ ಗೊತ್ತಿತ್ತು. ಒಂದು ಮಾತಿನಲ್ಲಿ ಹೇಳಿ, ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಡಬಹುದಿತ್ತು. ಅವನು ಜಗಲಿಯ ಅಂಚಿಗೆ ಕೂತ. ಒಂದಷ್ಟು ಹಣ್ಣು ತನ್ನ ಮುಂದಕ್ಕೆ ಎಳೆದುಕೊಂಡ. ಓದವ್ವ, ಎಂದ.

ಓದಿ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಪಕ್ಕದ ಮನೆಯವಳು ತನ್ನ ತಂಗಿ ಬರುವವಳಿದ್ದಾಳೆ, ಅವಳಿಗೂ ಕೇಳಿಸಬೇಕು ಎಂದಳು. ಷಣ್ಮುಖಪ್ಪ ನೀರು ಕೇಳಿ ಕುಡಿದು ಎದ್ದ. ಪುಸ್ತಕ ಅಲ್ಲೇ ಉಳಿಯಿತು.

ಮರುದಿನ ರಂಗಪ್ಪನ ಮನೆಗೆ ಹೋಗಿ, ಸಿಕ್ಕಿತು, ತರಲಿಲ್ಲ, ಯಾರ ಮನೆಯಲ್ಲಿದೆಯೆಂದು ಹೇಳುವುದೂ ಇಲ್ಲ ಎಂದ. ಬೀಗದ ಕೈಯನ್ನು ಕೇಳುವ ಮೊದಲೇ ತೆಗೆದು ಜಗಲಿಯ ಮೇಲಿಟ್ಟ. ಕೋಣೆ ಮುಚ್ಚಿತು. ಊರೇನೂ ಅವನ ಹಿಂದೆ ನಿಲ್ಲಲಿಲ್ಲ. ಪತ್ರಿಕೆ ನೋಡಲು ಬರುತ್ತಿದ್ದವರೇ ಮುದುಕನಿಗೆ ಹಟ ಜಾಸ್ತಿ ಎಂದರು. ಬೀರುವಿಗೆ ಗೆದ್ದಲು ಹತ್ತಿದೆಯೆಂದು ತಳವಾರ ಹೇಳಿದಾಗ ಷಣ್ಮುಖಪ್ಪ ಬೇವಿನ ಸೊಪ್ಪು ಕಿತ್ತು ಅವನ ಕೈಗೆ ಕೊಟ್ಟು ಕಳಿಸಿದ. ಒಳಗೆ ಇಟ್ಟರೋ ಇಲ್ಲವೋ ತಿಳಿಯಲಿಲ್ಲ.

ಸುದ್ದಿ ಕಡೂರು ಮುಟ್ಟಿ, ಅಲ್ಲಿಂದ ವಕೀಲ ನಂಜುಂಡಪ್ಪನವರು ರೈಲಿನಲ್ಲಿ ಬಂದರು. ಒಳ್ಳೆಯ ಮನುಷ್ಯ, ಖಾದಿಯವರು. ಷಣ್ಮುಖಪ್ಪ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ. ದಿವಾನರಿಗೆ ಅರ್ಜಿ ಬರೆಯುತ್ತೇನೆ, ಪತ್ರಿಕೆಗೆ ಹಾಕಿಸುತ್ತೇನೆ, ಫೀಜು ಬೇಡ, ಬೀಗದ ಕೈ ನಿನ್ನ ಕೈಗೇ ಬರುವ ಹಾಗೆ ಮಾಡುತ್ತೇನೆ ಎಂದರು. ಷಣ್ಮುಖಪ್ಪ ಕೇಳಿದ್ದು ಒಂದೇ: ವಿಚಾರಣೆಯಲ್ಲಿ ಪುಸ್ತಕ ಎಲ್ಲಿತ್ತೆಂದು ಕೇಳುತ್ತಾರೆಯೇ? ಕೇಳದೆ ಇರುತ್ತಾರೆಯೇ, ಓದಿಸಿ ಕೇಳಿದವರಲ್ಲಿ ಯಾರಾದರೂ ಕುಡುಕನ ಹೆಂಡತಿಯಿದ್ದು ಸಾಕ್ಷಿ ಹೇಳಿದರೆ ನಮ್ಮ ಕಡೆ ಇನ್ನೂ ಬಲವಾಗುತ್ತದೆ ಎಂದರು ವಕೀಲರು.

ಷಣ್ಮುಖಪ್ಪ ಕೈಲಿದ್ದ ಕಾಯಿ ಸುಲಿದು ಮುಗಿಸಿದ.

"ಬ್ಯಾಡಿ ವಕೀಲ್ರೇ. ಅರ್ಜಿ ನನ್ ಹೆಸ್ರಲ್ಲಿ ಹೋಯ್ತದೆ, ಪೋಲೀಸ್ ದಫೇದಾರ ಹೋಗಾದು ಆ ಹೆಣ್ಮಕ್ಕಳ ಬಾಗ್ಲಿಗೆ. ಒಂದ್ಸಲ ನಾನೇ ಹೋಗಿದ್ದೆ, ಸಾಕು. ಕೋಣೆ ಮುಚ್ಚಿದ್ರೆ ಮುಚ್ಲಿ. ನಂಗೂ ಸುಸ್ತಾಗೈತೆ. ನೀವು ಮಜ್ಜಿಗೆ ಕುಡ್ದು ರೈಲಿಗೆ ಹೊರಡಿ."