ಸುಮ್ಮನಿದ್ದವನನ್ನು ಮೊದಲು ಎತ್ತಿದ ಪಾದ್ರಿ

ನಮ್ಮ ಬೀದಿಯಲ್ಲಿ ಕಾಯಿಲೆಯವರನ್ನು ಮಹಡಿಯಿಂದ ಇಳಿಸಬೇಕಾದರೆ ಡಾಕ್ಟರಿಗಿಂತ ಮೊದಲು ಪಾದ್ರಿಗೆ ಹೇಳಿಕಳಿಸುತ್ತಿದ್ದರು. ಯುದ್ಧದಲ್ಲಿ ಸ್ಟ್ರೆಚರ್ ಹೊತ್ತು ಪಳಗಿದ ಕೈ. ಆದರೆ ಹಿಂದಿನ ಹಿಡಿಯೇ ಬೇಕು ಎಂಬ ಹಟ. ಕಣ್ಣು ಮೆಟ್ಟಿಲ ಮೇಲಲ್ಲ, ಮಲಗಿದವರ ಮುಖದ ಮೇಲೆ, ಎಡವಿದ್ದೂ ಉಂಟು. ಪ್ರವಚನ ಮಾತ್ರ ದೇವರಿಗೇ ಪ್ರೀತಿ. ಕೂತವರು ತೂಕಡಿಸಿದರೆ, ಪಾಪ, ಎಚ್ಚರವಾದೀತು ಎಂದು ದನಿ ತಗ್ಗಿಸುತ್ತಿದ್ದರು.

ಅವರು ತೀರಿಕೊಂಡ ಮೇಲೆ ಸ್ಮಾರಕ ಸಮಿತಿಯ ಅಧ್ಯಕ್ಷರು ನನ್ನ ಕಲ್ಲಿನ ಅಂಗಡಿಗೆ ಬಂದು ಕೆತ್ತಬೇಕಾದ ಸಾಲು ಹೇಳಿದರು: ‘ಯಾರನ್ನೂ ಬಿಟ್ಟು ಬಂದವರಲ್ಲ.’ ಅಕ್ಷರ ಹೆಚ್ಚಿದಷ್ಟೂ ನನಗೇ ಲಾಭ; ತಲೆಯಾಡಿಸಿದೆ.

ಸುದ್ದಿ ಕೇಳಿ ಬ್ರೆಡ್ಡಿನ ಅಂಗಡಿಯ ಅಕ್ಕ ಹಿಟ್ಟಿನ ಕೈಯಲ್ಲೇ ಬಂದರು.

“ಆ ಸಾಲು ಬೇಡ. ನಮ್ಮ ಯಜಮಾನ್ರನ್ನ ಬಿಟ್ಟು ಬಂದಿದ್ರು.”

“ಏನಕ್ಕಾ ಇದು, ಸತ್ತೋರ ಬಗ್ಗೆ ಹೀಗಾ ಮಾತಾಡೋದು?” ಎಂದರು ಅಧ್ಯಕ್ಷರು.

“ನಮ್ಮೋರೇನು ಸಂತೆಗೆ ಹೋಗಿದಾರಾ? ಅವ್ರೂ ಸತ್ತೋರೇ.”

ಅಕ್ಕ ಹೇಳಿದ್ದು ಇಷ್ಟು: ಸ್ಟ್ರೆಚರ್ ಹೊರುವವರಲ್ಲಿ ಒಂದು ಕ್ರಮವಿತ್ತಂತೆ. ಕೂಗುವವನಿಗೆ ಉಸಿರಿದೆ, ಕಾಯುತ್ತಾನೆ; ಸುಮ್ಮನಿರುವವನನ್ನು ಮೊದಲು ಎತ್ತಬೇಕು. ಯುದ್ಧದಲ್ಲಿ ಅವತ್ತು ಅಕ್ಕನ ಗಂಡನೂ ಇನ್ನೊಬ್ಬನೂ ಗಾಯಗೊಂಡು ಅಕ್ಕಪಕ್ಕ ಬಿದ್ದಿದ್ದರು. ಒಂದೇ ಬೀದಿಯವನಲ್ಲವೇ, ಗಂಡ ಆಗಿನ್ನೂ ಪಾದ್ರಿಯಾಗಿರದ ಇವರ ಹೆಸರು ಹಿಡಿದು ಕೂಗುತ್ತಿದ್ದ. ಇವರು ಪಕ್ಕದವನನ್ನು ಎತ್ತಿದರು. ಮುಂದಿನ ಹಿಡಿ ಇವರದು, ಮುಖ ಕಾಣಲಿಲ್ಲ. ಹಿಂದೆ ಹಿಡಿದವನು ಹೊಸಬ, ನೋಡಿದರೂ ತಿಳಿಯಲಿಲ್ಲ. ಇಳಿಸಿದಾಗ ಗೊತ್ತಾಯಿತು, ಹೊತ್ತು ತಂದದ್ದು ಹೆಣ. ವಾಪಸ್ ಓಡಿದರೆ ಅಲ್ಲಿ ಗಂಡನ ಕೂಗೂ ನಿಂತಿತ್ತು.

“ಪಾದ್ರಿಯಾಗಿ ವಾಪಸ್ ಬಂದ ದಿನಾನೇ ಅಂಗಡೀಲಿ ಕೂತು ಎಲ್ಲಾ ಹೇಳಿದ್ರು. ಕ್ಷಮಿಸಮ್ಮಾ ಅಂದ್ರು. ಆಗಲ್ಲ ಫಾದರ್ ಅಂದೆ. ಆಮೇಲೆ ವಾರವಾರ ಬರೋರು, ಬ್ರೆಡ್ ತಗೊಳ್ಳೋರು, ಮತ್ತೆ ಕೇಳೋರು. ನಂದು ಅದೇ ಉತ್ತರ.”

“ಈಗ ಸೇಡು ತೀರಿಸ್ಕೊಳ್ತಿದೀರಾ?” ಎಂದರು ಅಧ್ಯಕ್ಷರು.

“ಸೇಡಾಗಿದ್ರೆ ಸುಳ್ಳೇ ಕೆತ್ಲಿ ಅಂತ ಸುಮ್ನಿರ್ತಿದ್ದೆ. ಬಿಟ್ಟು ಬಂದೆ ಅಂತ ಅವ್ರೇ ಬಾಯಿಬಿಟ್ಟು ಹೇಳಿದಾರೆ. ಇಲ್ಲ ಅನ್ನೋಕೆ ನೀವ್ಯಾರು?”

ಭಾಷಣಕ್ಕೆ ಹೆಸರಾದ ಅಧ್ಯಕ್ಷರು ಇಷ್ಟೇ ಕೇಳಿದರು: “ಮತ್ತೇನು ಹಾಕೋದು?”

“ಹೆಸ್ರು ಹಾಕಿ. ಸ್ಟ್ರೆಚರ್ ಹೊರ್ತಿದ್ರು, ಪಾದ್ರಿ ಆದ್ರು ಅಂತ ಹಾಕಿ. ಸಾಕು.”

ಹಾಗೇ ಆಯಿತು. ಕಲ್ಲು ನಿಲ್ಲಿಸಿದ ದಿನ ಅಕ್ಕ ಬರಲಿಲ್ಲ. ಬ್ರೆಡ್ ಕೊಳ್ಳುವ ನೆಪದಲ್ಲಿ ಹೋಗಿ ಮೆಲ್ಲಗೆ ಕೇಳಿದೆ:

“ಈಗಲಾದ್ರೂ ಕ್ಷಮಿಸಿದ್ರಾ ಅಕ್ಕಾ?”

ಅವರು ಬ್ರೆಡ್ ಸುತ್ತುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದರು.

“ಹೋದ ವಾರ ಫಾದರ್ ಬಂದಿದ್ರೆ ಹೇಳ್ತಿದ್ನೇನೋ. ಇನ್ಯಾರಿಗೆ ಹೇಳ್ಲಿ?”