ಹೋಗದ ವಿಯೆಟ್ನಾಂಗೆ ಉಡದ ಸೀರೆ

ಗೆಳೆಯರೇ, ಇವತ್ತು ಜಪಾನಿನ ಇಚಿಕಾವಾದ ನಮ್ಮ ಮನೆಯಲ್ಲಿ ವಿಯೆಟ್ನಾಂ ವಿಷಯಕ್ಕೆ ಗಂಡ ಹೆಂಡತಿ ಜಗಳ. ಈ ಕೊರೊನಾ ಮುಗಿದ ಮೇಲೆ ಅಲ್ಲಿಗೆ ಹೋಗಿ, ನದಿದಡದ ಬಯಲಿನಲ್ಲಿ ನೂರಾರು ಜನ ಕುಣಿಯುವ ಪ್ರದರ್ಶನ ನೋಡುವ ಸಂಜೆಗೆ ಯೋಜನೆ ಹಾಕುತ್ತಿದ್ದೆವು. ನಾನು ಮೈಸೂರು ಸಿಲ್ಕ್ ಉಡುತ್ತೇನೆ ಎಂದೆ.

"ಓಪನ್ ಏರ್ ಕಣೇ, ಮಳೆ ಬಂದ್ರೆ? ರೇನ್‌ಕೋಟ್ ಹಾಕ್ಕೋ," ಎಂದರು ಇವರು.

"ಫೋಟೋದಲ್ಲಿ ಕೊಂಬಿನಿ ಅಂಗಡಿಯ ಪ್ಲಾಸ್ಟಿಕ್ ಕವರ್ ಥರ ಕಾಣ್ಬೇಕಾ? ನಾನು ಬರೋದೇ ಇಲ್ಲ!"

"ಸರಿ, ನಿನ್ನ ಸೀಟಲ್ಲಿ ಬ್ಯಾಗ್ ಇಟ್ಕೋತೀನಿ."

ಮಗಳು ತಲೆ ಎತ್ತಿ, "ಅಮ್ಮಾ, ದೇರ್ ಆರ್ ನೋ ಫ್ಲೈಟ್ಸ್!" ಎಂದಳು.

ಆದರೂ ಇಬ್ಬರೂ ಮಾತು ಬಿಟ್ಟಿದ್ದೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರು ಬೇಕಾದಷ್ಟು ಜನ ಇದ್ದಾರೆ. ಕುಲಾವಿಯ ಬಣ್ಣಕ್ಕೆ ಜಗಳವಾಡಿ ಮುನಿಸಿಕೊಂಡವರು ಬಹುಶಃ ನಾವೇ ಮೊದಲು.