ತೂರುವುದಕ್ಕೆ ಗಾಳಿ ಬೇಕು

ಅಗ್ರಹಾರದ ತಮ್ಮ ಮನೆಯ ಜಗಲಿಯಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಷ್ಟ್ರು, ಯಾವ ಪದದ ಅರ್ಥ ಹೇಳುವ ಮೊದಲೂ ಪಂಚೆಯ ಚುಂಗಿನಿಂದ ಕನ್ನಡಕ ಒರೆಸಿ, "ಬೇರು ಹಿಡೀರಿ, ಮರ ತಾನಾಗಿ ಬರ್ತದೆ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಪಾಠದಲ್ಲಿ 'ವಿನ್ನೋ' ಎಂಬ ಅಪರೂಪದ ಕ್ರಿಯಾಪದ ಬಂತು. ಮೇಷ್ಟ್ರು ಮೊರ ತರಿಸಿ, ಅಕ್ಕಿ ಹಾಕಿ, ಪಟಪಟನೆ ಕೇರಿ ತೋರಿಸಿದರು. "ಇದೇ ವಿನ್ನೋ. ಹಳೇ ಇಂಗ್ಲಿಷಿನಲ್ಲಿ 'ವಿಂಡ್', ಗಾಳಿ ಅನ್ನೋ ಮಾತೇ ಇದರ ಬೇರು."

ಇಲವಾಲದ ಹಳ್ಳಿಯಿಂದ ಮೊಸರು ಮಾರಲು ಬಂದು, ಗಡಿಗೆ ಇಳಿಸಿ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸು ನಕ್ಕಳು. "ಗಾಳಿ ಎಲ್ಲೈತೆ ಸ್ವಾಮಿ? ನೀವು ಮಾಡಿದ್ದು ಕೇರೋದು, ಅದಕ್ಕೆ ಕೈ ಸಾಕು. ಗಾಳಿ ಬೇಕಾಗೋದು ತೂರೋಕೆ. ಕಣದಲ್ಲಿ ನಿಂತ್ಕೊಂಡು ಮೇಲಿಂದ ಸುರೀಬೇಕು. ಕಾಳು ಕಾಲ್ತಾವ ಬೀಳ್ತದೆ, ಹೊಟ್ಟು ಆರೋಯ್ತದೆ."

ಮೇಷ್ಟ್ರು ಮೊರ ಕೆಳಗಿಟ್ಟು ಕನ್ನಡಕ ಒರೆಸಿದರು. "ಬೇರು ನನ್ನ ಹತ್ರ ಇತ್ತು. ಮರ ಈಯಮ್ಮನ ಹತ್ರ ಇದೆ ಕಣ್ರೋ."

ಆ ಸಂಜೆ ಅವರು ವಿದ್ಯಾರಣ್ಯಪುರದ ನಮ್ಮ ಮನೆಗೇ ಬಂದರು. ಎಂದೋ ಅವರಲ್ಲಿ ಓದಿ ಈಗ ಗುಮಾಸ್ತನಾಗಿದ್ದ ನನ್ನ ಅಣ್ಣನನ್ನು ಕರೆದು, "ವಿನ್ನೋ ಅಂದ್ರೆ ಕೇರೋದು ಅಂತ ನಿನಗೆ ಹೇಳಿಕೊಟ್ಟಿದ್ದೆ. ತಪ್ಪು ಕಣಯ್ಯ. ತೂರೋದು. ತಿದ್ಕೊ" ಎಂದರು.

ಅಮ್ಮ ಕಾಫಿಗೆ ಕೂರಿಸಲು ನೋಡಿದಳು. "ಬೇಡಮ್ಮ, ಇನ್ನೂ ಎಂಟು ಮನೆ ಇದೆ" ಎಂದು ಸೈಕಲ್ ಹತ್ತಿದರು.